ತಲೆ ಎಣಿಸಿದವರು ರಕ್ತ ಅಳೆಯಲಿಲ್ಲ

ಹೆರಿಗೆಯಾದ ಕೂಡಲೇ ಬಾಣಂತಿಯ ಸೊಂಟದ ಕೆಳಗೆ ಒಂದು ಪ್ಲಾಸ್ಟಿಕ್ ಹಾಳೆ ಹಾಸುತ್ತಾರೆ. ಹಾಳೆಯ ಕೆಳತುದಿ ಆಲಿಕೆಯಂತೆ ಇಳಿದು ಒಂದು ಚೀಲವಾಗುತ್ತದೆ. ಚೀಲದ ಮೇಲೆ ಅಡ್ಡಗೆರೆಗಳಿವೆ, 300 ಮಿಲಿಲೀಟರಿಗೆ ಒಂದು, 500ಕ್ಕೆ ಒಂದು. ಮಗು ಹೊರಬಂದು, ಮಾಸು ಬಿದ್ದು, ಆಮೇಲೆ ಹರಿಯುವ ರಕ್ತವೆಲ್ಲ ಈ ಚೀಲಕ್ಕೆ ಇಳಿಯುತ್ತದೆ. ರಕ್ತ 500ರ ಗೆರೆ ಮುಟ್ಟಿತೆಂದರೆ ದಾದಿ ಯಾರನ್ನೂ ಕೇಳುತ್ತ ಕೂರುವಂತಿಲ್ಲ. 300 ದಾಟಿದಾಗಲೇ ನಾಡಿಮಿಡಿತವೋ ರಕ್ತದೊತ್ತಡವೋ ಏರುಪೇರಾಗಿದ್ದರೆ ಅಷ್ಟೂ ಕಾಯುವಂತಿಲ್ಲ. ಹೊಟ್ಟೆಯ ಮೇಲಿಂದ ಗರ್ಭಕೋಶ ನೀವಬೇಕು, ಅದು ಬಿಗಿದುಕೊಳ್ಳುವ ಔಷಧ ಕೊಡಬೇಕು, ಹೆಪ್ಪುಗಟ್ಟಿದ ರಕ್ತ ಮತ್ತೆ ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್ ಕೊಡಬೇಕು, ಡ್ರಿಪ್ ಹಾಕಬೇಕು, ರಕ್ತ ಎಲ್ಲಿಂದ ಬರುತ್ತಿದೆ ಎಂದು ಹುಡುಕಬೇಕು. ಒಂದು ಕೆಲಸ ಮಾಡಿ ಫಲ ಸಿಗುತ್ತದೋ ನೋಡಿ ಇನ್ನೊಂದಕ್ಕೆ ಹೋಗುವುದು ಹಳೆಯ ಪದ್ಧತಿ. ಈಗ ಎಲ್ಲವನ್ನೂ ಒಟ್ಟಿಗೇ ಮಾಡಬೇಕು.

ಈ ಕ್ರಮವನ್ನು ಕೆನ್ಯಾ, ನೈಜೀರಿಯಾ, ತಾಂಜಾನಿಯಾ ಮತ್ತು ದಕ್ಷಿಣ ಆಫ್ರಿಕಾದ 80 ಆಸ್ಪತ್ರೆಗಳಲ್ಲಿ, 2 ಲಕ್ಷಕ್ಕೂ ಹೆಚ್ಚು ಹೆರಿಗೆಗಳಲ್ಲಿ ಪರೀಕ್ಷಿಸಿ ನೋಡಿದರು. ಇ-ಮೋಟಿವ್ ಎಂಬ ಹೆಸರಿನ ಆ ಅಧ್ಯಯನದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಒಂದು ಲೀಟರಿಗೂ ಹೆಚ್ಚು ರಕ್ತಸ್ರಾವ, ಅದನ್ನು ನಿಲ್ಲಿಸಲು ಹೊಟ್ಟೆ ಕೊಯ್ಯಬೇಕಾದ ಸ್ಥಿತಿ, ರಕ್ತಸ್ರಾವದಿಂದ ಸಾವು, ಈ ಮೂರನ್ನೂ ಸೇರಿಸಿ ಲೆಕ್ಕ ಹಾಕಿದರೆ ಶೇ 60ರಷ್ಟು ಇಳಿಕೆ ಕಂಡಿತ್ತು. ಪತ್ರಿಕೆಗಳಲ್ಲಿ ಬಂದದ್ದು ಈ ಶೇ 60. ನನ್ನ ಮನಸ್ಸಿಗೆ ನಾಟಿದ್ದು ಅದೇ ವರದಿಯ ಇನ್ನೊಂದು ಅಂಕಿ. ಕಣ್ಣಂದಾಜಿನಲ್ಲೇ ನಡೆಯುತ್ತಿದ್ದ ಆಸ್ಪತ್ರೆಗಳಲ್ಲಿ ಅತಿಯಾಗಿ ರಕ್ತ ಹೋಗುತ್ತಿದ್ದ 100 ಬಾಣಂತಿಯರಲ್ಲಿ 51 ಮಂದಿಯದು ಮಾತ್ರ ಗಮನಕ್ಕೆ ಬಂದಿತ್ತು. ಗೆರೆ ಹಾಕಿದ ಚೀಲ ಬಂದ ಕಡೆ 93 ಮಂದಿಯದು ಗಮನಕ್ಕೆ ಬಂತು. ಅಂದರೆ ವೈದ್ಯರೂ ದಾದಿಯರೂ ಇರುವ ಆಸ್ಪತ್ರೆಯಲ್ಲೇ, ಮಂಚದ ಮೇಲೇ, ಅರ್ಧದಷ್ಟು ಹೆಂಗಸರ ರಕ್ತ ಹರಿದುಹೋಗುತ್ತಿದ್ದದ್ದು ಯಾರಿಗೂ ತಿಳಿಯುತ್ತಿರಲಿಲ್ಲ.

ಬಡ ದೇಶಗಳ ಹೆಂಗಸರ ಹೆರಿಗೆಯ ಬಗ್ಗೆ ಜಗತ್ತಿಗೆ ಅಂಕಿಅಂಶದ ಕೊರತೆ ಎಂದೂ ಇರಲಿಲ್ಲ. ಆಕೆ ಎಷ್ಟು ಹೆತ್ತಳು, ಇನ್ನೆಷ್ಟು ಹೆರುತ್ತಾಳೆ, ಅವಳ ಊರಿನ ಜನನ ದರ ಇಳಿಯಿತೇ ಎಂದು ಎಪ್ಪತ್ತು ವರ್ಷಗಳಿಂದ ದಶಾಂಶದ ಲೆಕ್ಕದಲ್ಲಿ ಎಣಿಸಿದ್ದಾರೆ. ಇದರಿಂದ ಒಂದು ತಪ್ಪು ತಿಳಿವಳಿಕೆ ಬೇರೂರಿದೆ. ಒಬ್ಬ ಮಹಿಳೆ ಜೀವಿತಾವಧಿಯಲ್ಲಿ ಸರಾಸರಿ ಹೆರುವ ಮಕ್ಕಳ ಸಂಖ್ಯೆಗೆ ಫಲವಂತಿಕೆ ದರ ಎನ್ನುತ್ತಾರೆ. ಅದು ಇಳಿದರೆ ಹೆಂಗಸರ ಆರೋಗ್ಯ ಸುಧಾರಿಸಿತು ಎಂದೇ ಸರ್ಕಾರಗಳು ಓದಿಕೊಳ್ಳುತ್ತವೆ, ನಾವೂ ಓದಿಕೊಳ್ಳುತ್ತೇವೆ. ಇವು ಎರಡು ಬೇರೆ ಬೇರೆ ಲೆಕ್ಕದ ಪುಸ್ತಕಗಳು. ಒಂದರ ಮೊತ್ತವನ್ನು ಇನ್ನೊಂದಕ್ಕೆ ಎತ್ತಿ ಬರೆಯಲು ಬರುವುದಿಲ್ಲ.

ಎರಡನೆಯ ಪುಸ್ತಕದಲ್ಲಿ ಏನಿದೆ ನೋಡೋಣ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳ ಅಂದಾಜಿನಂತೆ 2023ರಲ್ಲಿ ಬಸಿರು ಮತ್ತು ಹೆರಿಗೆಯ ಕಾರಣಕ್ಕೆ ಸತ್ತ ಮಹಿಳೆಯರು ಸುಮಾರು 2 ಲಕ್ಷ 60 ಸಾವಿರ. ದಿನಕ್ಕೆ ಏಳುನೂರಕ್ಕೂ ಹೆಚ್ಚು. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಸಾವು ಬಡ ಮತ್ತು ಕೆಳಮಧ್ಯಮ ಆದಾಯದ ದೇಶಗಳಲ್ಲಿ. ಸಹಾರಾದ ದಕ್ಷಿಣಕ್ಕಿರುವ ಆಫ್ರಿಕಾ ಒಂದರಲ್ಲೇ ಶೇ 70. ಶ್ರೀಮಂತ ದೇಶಗಳಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 10 ತಾಯಂದಿರು ಸತ್ತರೆ, ಅತಿ ಬಡ ದೇಶಗಳಲ್ಲಿ 346. 2000ದಿಂದ ಈಚೆಗೆ ಜಗತ್ತಿನ ಸರಾಸರಿ ಶೇ 40ರಷ್ಟು ಇಳಿದಿದೆ, ಅದು ದೊಡ್ಡ ಸಾಧನೆಯೇ. ಆದರೆ 2030ರ ಹೊತ್ತಿಗೆ ಲಕ್ಷಕ್ಕೆ 70ಕ್ಕಿಂತ ಕೆಳಗೆ ತರುತ್ತೇವೆಂದು ಎಲ್ಲ ದೇಶಗಳೂ ಒಪ್ಪಿಕೊಂಡ ಗುರಿಗೂ 2023ರ 197ಕ್ಕೂ ಇರುವ ಅಂತರ ಕಣ್ಣಿಗೆ ಕಾಣುವಂಥದ್ದು.

ಸಾವಿಗೆ ಕಾರಣಗಳಲ್ಲಿ ಹೊಸದೇನೂ ಇಲ್ಲ. ರಕ್ತಸ್ರಾವ, ರಕ್ತದೊತ್ತಡ ಏರಿ ಬರುವ ಫಿಟ್ಸ್, ನಂಜು, ಅಸುರಕ್ಷಿತ ಗರ್ಭಪಾತ, ಮಗು ಅಡ್ಡ ಸಿಕ್ಕಿಕೊಂಡ ಹೆರಿಗೆ. ಎಲ್ಲಕ್ಕೂ ಮದ್ದಿದೆ, ಮತ್ತು ಮದ್ದು ದುಬಾರಿಯದಲ್ಲ. 1994ರಲ್ಲಿ ಸೆರೀನ್ ಥಡೇಯಸ್ ಮತ್ತು ಡೆಬೊರಾ ಮೇಯ್ನ್ ಎಂಬ ಇಬ್ಬರು ಸಂಶೋಧಕಿಯರು ಈ ಸಾವುಗಳ ಹಿಂದೆ ಮೂರು ವಿಳಂಬಗಳಿವೆ ಎಂದರು. ಆಸ್ಪತ್ರೆಗೆ ಕರೆದೊಯ್ಯೋಣ ಎಂದು ಮನೆಯವರು ತೀರ್ಮಾನಿಸುವಲ್ಲಿನ ತಡ, ಆಸ್ಪತ್ರೆ ತಲುಪುವಲ್ಲಿನ ತಡ, ತಲುಪಿದ ಮೇಲೆ ಚಿಕಿತ್ಸೆ ಸಿಗುವಲ್ಲಿನ ತಡ. ರಕ್ತ ನಿಲ್ಲಲೆಂದು ಗರ್ಭಕೋಶವನ್ನು ಬಿಗಿಸುವ ಮುಖ್ಯ ಔಷಧ ಆಕ್ಸಿಟೋಸಿನ್ ಅನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ಕರೆಂಟ್ ಹೋಗಿಬರುವ ಹೆರಿಗೆ ಕೇಂದ್ರದ ಫ್ರಿಜ್ಜಿನಲ್ಲಿ ಅದರ ಶಕ್ತಿ ಕುಂದಿರುತ್ತದೆ. ದಾದಿ ಚುಚ್ಚುತ್ತಾಳೆ, ರಕ್ತ ನಿಲ್ಲುವುದಿಲ್ಲ, ಯಾಕೆಂದು ಅವಳಿಗೂ ತಿಳಿಯುವುದಿಲ್ಲ. ಇದಕ್ಕೆ ರಕ್ತಹೀನತೆಯನ್ನೂ ಸೇರಿಸಿ. ಮೈಯಲ್ಲಿ ರಕ್ತ ತುಂಬಿರುವವಳು ತಡೆದುಕೊಳ್ಳುವಷ್ಟು ನಷ್ಟವನ್ನು ರಕ್ತಹೀನೆ ತಡೆದುಕೊಳ್ಳಲಾರಳು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಅದೇ ಸಮೀಕ್ಷೆಯಲ್ಲಿ ದೇಶದ ಫಲವಂತಿಕೆ ದರ 2.0ಕ್ಕೆ ಇಳಿದಿತ್ತು. ಸುದ್ದಿಯಾದದ್ದು ಎರಡನೆಯದು.

ಇವೆಲ್ಲ ಸಾವಿನ ಲೆಕ್ಕ. ಸಾಯದೆ ಉಳಿದವರ ಪಾಡು ತಿಳಿಯಲು ಒಂದು ಹಳೆಯ ಅಧ್ಯಯನವನ್ನು ನೆನೆಯಬೇಕು. ಮಹಾರಾಷ್ಟ್ರದ ಗಡ್‌ಚಿರೋಲಿಯಲ್ಲಿ ವೈದ್ಯೆ ರಾಣಿ ಬಂಗ್ ಮತ್ತು ಅವರ ಸಂಗಡಿಗರು ಎರಡು ಹಳ್ಳಿಗಳ 650 ಮಹಿಳೆಯರನ್ನು ಪರೀಕ್ಷಿಸಿದರು. ಕಾಯಿಲೆ ಎಂದು ಆಸ್ಪತ್ರೆಗೆ ಬಂದವರಲ್ಲ ಇವರು. ಮನೆಯಲ್ಲಿ, ಹೊಲದಲ್ಲಿ ಕೆಲಸ ಮಾಡಿಕೊಂಡಿದ್ದವರು. 1989ರಲ್ಲಿ ಪ್ರಕಟವಾದ ಫಲಿತಾಂಶ ಇದು: ಶೇ 92ರಷ್ಟು ಮಂದಿಗೆ ಒಂದಲ್ಲ ಒಂದು ಸ್ತ್ರೀರೋಗ ಅಥವಾ ಲೈಂಗಿಕ ಸೋಂಕು ಇತ್ತು. ಒಬ್ಬೊಬ್ಬರಿಗೂ ಸರಾಸರಿ ಮೂರಕ್ಕಿಂತ ಹೆಚ್ಚು. ಬಿಳಿ ಸೆರಗು, ಸೊಂಟನೋವು, ಮುಟ್ಟಿನ ತೊಂದರೆ, ಗರ್ಭದ್ವಾರದ ಉರಿಯೂತ. ಅದುವರೆಗೆ ಒಮ್ಮೆಯಾದರೂ ವೈದ್ಯರು ಒಳಪರೀಕ್ಷೆ ಮಾಡಿದ್ದದ್ದು ನೂರರಲ್ಲಿ ಎಂಟು ಮಂದಿಗೆ.

ಆ ಹೊತ್ತಿಗೆ ಭಾರತದ ಕುಟುಂಬ ಯೋಜನೆಗೆ ಮೂವತ್ತೇಳು ವರ್ಷ ವಯಸ್ಸಾಗಿತ್ತು. 1952ರಲ್ಲಿ, ಜಗತ್ತಿನಲ್ಲೇ ಮೊದಲು, ಸರ್ಕಾರವೇ ಇಂಥ ಕಾರ್ಯಕ್ರಮ ಶುರುಮಾಡಿತ್ತು. ಮೂವತ್ತೇಳು ವರ್ಷ ಆರೋಗ್ಯ ಕಾರ್ಯಕರ್ತರು ಹಳ್ಳಿಹಳ್ಳಿಯ ಬಾಗಿಲು ತಟ್ಟಿದ್ದರು, ‘ಎಷ್ಟು ಮಕ್ಕಳು?’ ಎಂದು ಕೇಳಿದ್ದರು, ಬರೆದುಕೊಂಡಿದ್ದರು. ‘ನಿನಗೆ ನೋವೇನಾದರೂ ಇದೆಯಾ ತಾಯಿ?’ ಎಂಬ ಪ್ರಶ್ನೆಗೆ ಆ ನಮೂನೆಯಲ್ಲಿ ಜಾಗವೇ ಇರಲಿಲ್ಲ.

ಎಣಿಸುವವರ ಕೈಗೆ ಗುರಿ ಕೊಟ್ಟಾಗ ಏನಾಗುತ್ತದೆ ಎಂಬುದು ತುರ್ತು ಪರಿಸ್ಥಿತಿಯ ಕಾಲದಲ್ಲಿ ಗೊತ್ತಾಯಿತು. 1976-77ರ ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳಾದವು. ಹೆಚ್ಚಿನವು ಗಂಡಸರಿಗೆ ಮಾಡಿದ ವ್ಯಾಸೆಕ್ಟಮಿ. ಬಲವಂತದ ಸಿಟ್ಟು 1977ರ ಚುನಾವಣೆಯಲ್ಲಿ ಹೊರಬಿತ್ತು. ಅದರಿಂದ ಸರ್ಕಾರಗಳು ಕಲಿತ ಪಾಠ ಮಾತ್ರ ವಿಚಿತ್ರವಾದದ್ದು. ಬಲವಂತ ತಪ್ಪು ಎಂಬುದಕ್ಕಿಂತ, ಗಂಡಸರನ್ನು ಮುಟ್ಟಬಾರದು ಎಂಬುದೇ ಆಳವಾಗಿ ಉಳಿಯಿತು. ಆಮೇಲೆ ಭಾರವೆಲ್ಲ ಹೆಂಗಸರ ಕಡೆ ವಾಲಿತು. 2019-21ರ ಸಮೀಕ್ಷೆಯಲ್ಲಿ ವಿವಾಹಿತ ಮಹಿಳೆಯರ ಪೈಕಿ ಶೇ 38ರಷ್ಟು ಮಂದಿ ಆಪರೇಷನ್ ಮಾಡಿಸಿಕೊಂಡಿದ್ದರೆ, ಗಂಡ ಮಾಡಿಸಿಕೊಂಡಿದ್ದ ಪ್ರಮಾಣ ಶೇ 0.3. ವ್ಯಾಸೆಕ್ಟಮಿ ಎರಡರಲ್ಲಿ ಸುಲಭದ್ದು, ಹೊಟ್ಟೆಯೊಳಗೆ ಕೈಹಾಕಬೇಕಿಲ್ಲ, ಚೇತರಿಕೆ ಬೇಗ. ಹೆಂಗಸರು ಮಾಡಿಸಿಕೊಳ್ಳುವುದೂ ಇಪ್ಪತ್ತಾರರ ಆಸುಪಾಸಿನ ವಯಸ್ಸಿನಲ್ಲಿ. ಬೇಗ ಮದುವೆ, ಬೆನ್ನುಬೆನ್ನಿಗೆ ಎರಡು ಹೆರಿಗೆ, ಕೂಡಲೇ ಆಪರೇಷನ್. ನಡುವೆ ಅಂತರ ಬಿಡಲು ಮಾತ್ರೆಯನ್ನೋ ಕಾಪರ್-ಟಿಯನ್ನೋ ಬಳಸಿ ನೋಡುವ ಅವಕಾಶ ಎಷ್ಟೋ ಮಂದಿಗೆ ಸಿಗುವುದೇ ಇಲ್ಲ. ಫಲವಂತಿಕೆ ದರ ಮಾತ್ರ ಚೆನ್ನಾಗಿ ಇಳಿದಿರುತ್ತದೆ.

2014ರ ನವೆಂಬರ್‌ನಲ್ಲಿ ಛತ್ತೀಸ್‌ಗಡದ ಬಿಲಾಸ್‌ಪುರ ಜಿಲ್ಲೆಯ ಶಿಬಿರವೊಂದರಲ್ಲಿ, ಬಳಕೆಯಲ್ಲಿಲ್ಲದ ಕಟ್ಟಡದಲ್ಲಿ, ಒಬ್ಬ ವೈದ್ಯ ಕೆಲವೇ ಗಂಟೆಗಳಲ್ಲಿ 83 ಹೆಂಗಸರಿಗೆ ಆಪರೇಷನ್ ಮಾಡಿ ಮುಗಿಸಿದ. ನಿಯಮದ ಪ್ರಕಾರ ದಿನಕ್ಕೆ 30 ದಾಟುವಂತಿರಲಿಲ್ಲ. ಹದಿಮೂರು ಮಂದಿ ಸತ್ತರು. ಸತ್ತವರು ಚಿಕ್ಕ ವಯಸ್ಸಿನ ಬಡ ತಾಯಂದಿರು. ಭಾರತ ಗುರಿಗಳನ್ನು ಕೈಬಿಟ್ಟದ್ದಾಗಿ 1996ರಲ್ಲೇ ಘೋಷಿಸಿತ್ತು ಎಂಬುದನ್ನು ಇಲ್ಲಿ ನೆನಪಿಡಬೇಕು. ಕಾಗದದಲ್ಲಿ ಗುರಿ ಹೋಗಿತ್ತು, ಶಿಬಿರದಲ್ಲಿ ಇತ್ತು. ಇಂಥ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸುವಂತೆ ಸುಪ್ರೀಂ ಕೋರ್ಟ್ 2016ರ ಸೆಪ್ಟೆಂಬರ್‌ನಲ್ಲಿ ದೇವಿಕಾ ಬಿಸ್ವಾಸ್ ಪ್ರಕರಣದಲ್ಲಿ ಹೇಳಿತು.

ಇದು ಒಂದು ದೇಶದ ಕಾಯಿಲೆಯಲ್ಲ. ಪೆರುವಿನಲ್ಲಿ ಅಲ್ಬೆರ್ತೋ ಫುಜಿಮೋರಿ ಅಧ್ಯಕ್ಷರಾಗಿದ್ದಾಗ, 1996ರಿಂದ 2000ದ ನಡುವೆ, 2 ಲಕ್ಷ 70 ಸಾವಿರದಷ್ಟು ಮಹಿಳೆಯರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಲಾಯಿತು. ಅವರಲ್ಲಿ ಬಹಳಷ್ಟು ಮಂದಿ ಆಂಡೀಸ್ ಬೆಟ್ಟಗಳ ಕೆಚುವಾ ಭಾಷೆಯ ಮೂಲನಿವಾಸಿಗಳು. ಏಳು ಮಕ್ಕಳ ತಾಯಿಯೊಬ್ಬರಿಗೆ ಆರೋಗ್ಯ ಸಿಬ್ಬಂದಿ, ಐದಕ್ಕಿಂತ ಹೆಚ್ಚು ಮಕ್ಕಳಿದ್ದರೆ ದಂಡ ಮತ್ತು ಜೈಲು ಎಂದು ಸುಳ್ಳೇ ಹೆದರಿಸಿದ್ದರು. 1998ರಲ್ಲಿ ಆಪರೇಷನ್ ಆದ ಕೆಲವೇ ದಿನಕ್ಕೆ ಆಕೆ ಸತ್ತರು. ತಪ್ಪು ತನ್ನದೆಂದು ಪೆರು ಸರ್ಕಾರ 2003ರಲ್ಲಿ ಒಪ್ಪಿಕೊಂಡಿತು. ಚೀನಾದ ಒಂದೇ ಮಗುವಿನ ನೀತಿ 1980ರ ಸುಮಾರಿಗೆ ಶುರುವಾಗಿ 2015ರವರೆಗೆ ನಡೆಯಿತು. ಅದರ ಬಲವಂತದ ಗರ್ಭಪಾತಗಳ ಬಗ್ಗೆ ಎಲ್ಲರೂ ಕೇಳಿದ್ದೇವೆ. ಒಂದೇ ಮಗು ಎಂದಾಗ ಆ ಒಂದು ಗಂಡೇ ಆಗಲಿ ಎಂದು ಹೆಣ್ಣುಭ್ರೂಣಗಳನ್ನು ತೆಗೆಸಿದರು, 100 ಹೆಣ್ಣುಕೂಸಿಗೆ 115ಕ್ಕೂ ಹೆಚ್ಚು ಗಂಡುಕೂಸು ಹುಟ್ಟುವ ಸ್ಥಿತಿ ಬಂತು.

ಈ ದಾರಿ ತಪ್ಪು ಎಂದು ಜಗತ್ತು ಒಪ್ಪಿಕೊಂಡದ್ದು 1994ರ ಸೆಪ್ಟೆಂಬರ್‌ನಲ್ಲಿ, ಕೈರೋದಲ್ಲಿ. ಪಾಕಿಸ್ತಾನದ ವೈದ್ಯೆ ನಫೀಸ್ ಸಾದಿಕ್ ಆಗ ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಯ ಮುಖ್ಯಸ್ಥೆ. ಅವರ ಮುಂದಾಳತ್ವದಲ್ಲಿ ನಡೆದ ಸಮ್ಮೇಳನದಲ್ಲಿ 179 ದೇಶಗಳು ಒಂದು ಕಾರ್ಯಯೋಜನೆಗೆ ಒಪ್ಪಿದವು. ಎಷ್ಟು ಮಕ್ಕಳು, ಯಾವಾಗ, ಎಷ್ಟು ಅಂತರದಲ್ಲಿ ಎಂಬುದನ್ನು ದಂಪತಿಗಳು ಮತ್ತು ವ್ಯಕ್ತಿಗಳು ತಾವೇ ತೀರ್ಮಾನಿಸಬೇಕು, ಸರ್ಕಾರದ ಕೆಲಸ ಅದಕ್ಕೆ ಬೇಕಾದ ಮಾಹಿತಿ ಮತ್ತು ಸೇವೆ ಒದಗಿಸುವುದು ಎಂಬುದು ಅದರ ತಿರುಳು. ಇಪ್ಪತ್ತು ವರ್ಷ ಮೊದಲು, 1974ರ ಬುಕಾರೆಸ್ಟ್ ಸಮ್ಮೇಳನದಲ್ಲಿ, ಭಾರತದ ಆರೋಗ್ಯ ಸಚಿವ ಕರಣ್ ಸಿಂಗ್ ಅಭಿವೃದ್ಧಿಯೇ ಅತ್ಯುತ್ತಮ ಗರ್ಭನಿರೋಧಕ ಎಂದಿದ್ದರು. ಆ ಮಾತು ಆಡಿದ ಮರುವರ್ಷವೇ ಭಾರತದಲ್ಲಿ ತುರ್ತು ಪರಿಸ್ಥಿತಿ ಬಂತು.

ಬಲವಂತವಿಲ್ಲದೆ ಜನನ ದರ ಇಳಿಯುವುದೇ ಇಲ್ಲ ಎನ್ನುವವರು ಬಾಂಗ್ಲಾದೇಶವನ್ನು ನೋಡಬೇಕು. ಅಲ್ಲಿನ ಮತ್ಲಬ್ ಎಂಬ, ನದಿಗಳ ನಡುವಿನ ಗ್ರಾಮೀಣ ಪ್ರದೇಶದಲ್ಲಿ 1977ರಲ್ಲಿ ಒಂದು ಪ್ರಯೋಗ ಶುರುವಾಯಿತು. ಓದು ಬರಹ ಬಲ್ಲ ಸ್ಥಳೀಯ ಹೆಂಗಸರನ್ನೇ ತರಬೇತಿ ಕೊಟ್ಟು ಮನೆಮನೆಗೆ ಕಳಿಸಿದರು. ಹೊರಗೆ ಕಾಲಿಡಲಾಗದ ಹೆಂಗಸರ ಬಳಿಗೆ ಆಕೆಯೇ ಬರುತ್ತಿದ್ದಳು, ಮಾತ್ರೆ, ಕಾಂಡೋಮ್, ಇಂಜೆಕ್ಷನ್ ಯಾವುದು ಬೇಕೆಂದು ಕೇಳುತ್ತಿದ್ದಳು, ಮುಂದಿನ ಸಲ ಬಂದಾಗ ತಲೆಸುತ್ತು ಬಂತೇ, ಮುಟ್ಟು ನಿಂತಿತೇ ಎಂದು ವಿಚಾರಿಸುತ್ತಿದ್ದಳು. ಒಂದು ಒಗ್ಗದಿದ್ದರೆ ಇನ್ನೊಂದು ಕೊಡುತ್ತಿದ್ದಳು. ಆ ಭಾಗದಲ್ಲಿ ಗರ್ಭನಿರೋಧಕ ಬಳಕೆ ಪಕ್ಕದ ಹಳ್ಳಿಗಳಿಗಿಂತ ಬೇಗ ಏರಿತು. ಮುಂದೆ ಈ ಮಾದರಿ ದೇಶವ್ಯಾಪಿಯಾಯಿತು. ಎಪ್ಪತ್ತರ ದಶಕದಲ್ಲಿ ಆರು ದಾಟಿದ್ದ ಫಲವಂತಿಕೆ ದರ 2011ರ ಹೊತ್ತಿಗೆ 2.3ಕ್ಕೆ ಬಂತು. ದೇಶ ಇನ್ನೂ ಬಡವಾಗಿರುವಾಗಲೇ ಬಂತು. ಆದರೆ ಇಲ್ಲೂ ಎರಡು ಪುಸ್ತಕಗಳನ್ನು ಬೇರೆ ಬೇರೆಯಾಗಿಯೇ ಓದಬೇಕು. 2019ರ ಸಮೀಕ್ಷೆಯಂತೆ ಬಾಂಗ್ಲಾದೇಶದ 20ರಿಂದ 24 ವಯಸ್ಸಿನ ಯುವತಿಯರಲ್ಲಿ ಅರ್ಧದಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಎರಡೇ ಮಕ್ಕಳು, ನಿಜ. ಮೊದಲನೆಯದನ್ನು ಹೆರುವಾಗ ತಾಯಿಯೇ ಇನ್ನೂ ಬೆಳೆಯುತ್ತಿರುವ ಹುಡುಗಿ.

ಈಗ ಗಾಳಿ ತಿರುಗಿದೆ. 2022ರ ನವೆಂಬರ್ 15ಕ್ಕೆ ಜಗತ್ತಿನ ಜನಸಂಖ್ಯೆ 800 ಕೋಟಿ ಮುಟ್ಟಿತೆಂದು ವಿಶ್ವಸಂಸ್ಥೆ ಗುರುತಿಸಿತು. ಅದರದೇ 2024ರ ಅಂದಾಜಿನಂತೆ 2080ರ ದಶಕದ ನಡುವೆ ಸುಮಾರು 1,030 ಕೋಟಿಗೆ ಏರಿ ಆಮೇಲೆ ಇಳಿಯುತ್ತದೆ. ಅರ್ಧಕ್ಕೂ ಹೆಚ್ಚು ದೇಶಗಳಲ್ಲಿ ಫಲವಂತಿಕೆ ದರ, ಜನಸಂಖ್ಯೆ ಕುಗ್ಗದೆ ಉಳಿಯಲು ಬೇಕಾದ 2.1ಕ್ಕಿಂತ ಕೆಳಗಿದೆ. ಜನ ಹೆಚ್ಚಾದರು ಎಂದು ಹೆದರುತ್ತಿದ್ದ ಸರ್ಕಾರಗಳೇ ಜನ ಕಡಿಮೆಯಾದರು ಎಂದು ಹೆದರತೊಡಗಿವೆ. ಇರಾನ್ ಇದಕ್ಕೆ ಒಳ್ಳೆಯ ಉದಾಹರಣೆ. ಎಂಬತ್ತರ ದಶಕದ ಆರಂಭದಲ್ಲಿ ಅಲ್ಲಿನ ದರ ಆರಕ್ಕೂ ಹೆಚ್ಚಿತ್ತು. 1989ರ ನಂತರ ಹಳ್ಳಿಯ ಆರೋಗ್ಯ ಮನೆಗಳ ಮೂಲಕ ಗರ್ಭನಿರೋಧಕಗಳನ್ನು ಉಚಿತವಾಗಿ ಕೊಟ್ಟರು, ಮದುವೆಗೆ ಮುನ್ನ ವಧೂವರರಿಗೆ ಕುಟುಂಬ ಯೋಜನೆಯ ತರಗತಿ ಕಡ್ಡಾಯ ಮಾಡಿದರು, ಹೆಣ್ಣುಮಕ್ಕಳ ಓದೂ ಜೊತೆಗೆ ಬೆಳೆಯಿತು. 2000ದ ಹೊತ್ತಿಗೆ ದರ ಎರಡರ ಆಸುಪಾಸಿಗೆ ಬಂತು. ಅದೇ ಇರಾನ್ 2021ರಲ್ಲಿ ಕಾನೂನು ಮಾಡಿ ಸರ್ಕಾರಿ ಕೇಂದ್ರಗಳಲ್ಲಿ ಉಚಿತ ಗರ್ಭನಿರೋಧಕ ವಿತರಣೆಯನ್ನು ನಿಷೇಧಿಸಿತು. ಚೀನಾ ಅದೇ ವರ್ಷ ಮೂರು ಮಕ್ಕಳಿಗೆ ಅನುಮತಿ ಕೊಟ್ಟು, ವೈದ್ಯಕೀಯ ಕಾರಣವಿಲ್ಲದ ಗರ್ಭಪಾತಗಳನ್ನು ಕಡಿಮೆ ಮಾಡುತ್ತೇವೆ ಎಂದಿತು. ಒಂದು ತಲೆಮಾರಿನ ಹಿಂದೆ ಗರ್ಭಪಾತ ಮಾಡಿಸಿಕೋ ಎಂದು ಹಿಡಿದೆಳೆದೊಯ್ದ ಅಧಿಕಾರವೇ ಈಗ ಹೀಗೆನ್ನುತ್ತಿದೆ. ಬೇಡ ಎನ್ನುವಾಗಲೂ ಬೇಕು ಎನ್ನುವಾಗಲೂ ಆಕೆಯನ್ನು ಕೇಳಲಿಲ್ಲ. ನನಗೆ ಆತಂಕ ಹುಟ್ಟಿಸುವುದು ಇದೇ. ಜನನ ದರ ಏರಿಸುವ ಭರಾಟೆಯಲ್ಲಿ ಹೆಂಗಸರ ಕೈಯಿಂದ ಮೊದಲು ಕಸಿಯುವುದು ಇಷ್ಟು ವರ್ಷ ಕಷ್ಟಪಟ್ಟು ಗಳಿಸಿದ ಸೇವೆಗಳನ್ನೇ.

ಹಾಗಾದರೆ ಜನಸಂಖ್ಯೆ ಒಂದು ಸಮಸ್ಯೆಯೇ ಅಲ್ಲವೇ? ಈ ಪ್ರಶ್ನೆಯನ್ನು ತಳ್ಳಿಹಾಕುವುದು ಪ್ರಾಮಾಣಿಕತೆಯಲ್ಲ. ಫಲವಂತಿಕೆ ದರ ಎರಡಕ್ಕೆ ಇಳಿದ ಮೇಲೂ ಜನಸಂಖ್ಯೆ ದಶಕಗಳ ಕಾಲ ಏರುತ್ತಲೇ ಹೋಗುತ್ತದೆ, ಯಾಕೆಂದರೆ ಹೆರುವ ವಯಸ್ಸಿನವರ ಸಂಖ್ಯೆ ದೊಡ್ಡದಿರುತ್ತದೆ. ಭಾರತದ ಜನಸಂಖ್ಯೆ 2060ರ ದಶಕದ ಆರಂಭದವರೆಗೂ ಏರುತ್ತದೆ ಎಂಬ ಅಂದಾಜಿಗೆ ಇದೇ ಕಾರಣ. ಇನ್ನು ಪಶ್ಚಿಮ ಆಫ್ರಿಕಾದ ನೈಜರ್‌ನಂಥ ದೇಶದಲ್ಲಿ ಒಬ್ಬ ಮಹಿಳೆ ಸರಾಸರಿ ಆರು ಮಕ್ಕಳನ್ನು ಹೆರುತ್ತಾಳೆ. ವರ್ಷ ವರ್ಷ ಶಾಲೆಯ ಕೋಣೆಗಳು, ಶಿಕ್ಷಕರು, ದಾದಿಯರು ಅದೇ ವೇಗದಲ್ಲಿ ಹೆಚ್ಚಬೇಕು, ಹೆಚ್ಚುವುದಿಲ್ಲ. ಮಳೆ ಕಡಿಮೆ, ನೆಲ ಮರಳು. ಒತ್ತಡ ನಿಜವಾದದ್ದೇ. ಜಗತ್ತಿನ ಇಂಗಾಲ ಹೊರಸೂಸುವಿಕೆಯಲ್ಲಿ ಇಡೀ ಆಫ್ರಿಕಾ ಖಂಡದ ಪಾಲು ಶೇ 4ರಷ್ಟು ಮಾತ್ರ. ಹಾಗಾಗಿ ಹವಾಮಾನದ ಬಿಕ್ಕಟ್ಟಿಗೆ ಅಲ್ಲಿನ ತಾಯಂದಿರನ್ನು ದೂರುವವರ ಮಾತನ್ನು ಬದಿಗಿಡೋಣ. ನೈಜರ್‌ನ ಕಷ್ಟ ಮೊದಲು ನೈಜರ್‌ನವರದೇ.

ಆದರೆ ಅಲ್ಲಿನ ಹೆಂಗಸರನ್ನು ಸಮೀಕ್ಷೆಗಳಲ್ಲಿ ಎಷ್ಟು ಮಕ್ಕಳು ಬೇಕು ಎಂದು ಕೇಳಿದಾಗ ಬಂದ ಸರಾಸರಿ ಉತ್ತರ ಒಂಬತ್ತರ ಆಸುಪಾಸು. ಗಂಡಸರದು ಅದಕ್ಕೂ ಹೆಚ್ಚು. ಗರ್ಭನಿರೋಧಕ ಕೈಗೆಟುಕಿಸಿದರೆ ಸಾಕು, ಮಿಕ್ಕದ್ದು ತಾನಾಗಿ ಆಗುತ್ತದೆ ಎನ್ನುವ ನನ್ನಂಥವರ ವಾದ ಇಲ್ಲಿ ಮುಗ್ಗರಿಸುತ್ತದೆ. ಯಾಕೆ ಒಂಬತ್ತು ಎಂದು ಹುಡುಕುತ್ತ ಹೋದರೆ ಇನ್ನೊಂದು ಅಂಕಿ ಸಿಗುತ್ತದೆ. 1990ರಲ್ಲಿ ನೈಜರ್‌ನಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ 300ಕ್ಕೂ ಹೆಚ್ಚು ಮಕ್ಕಳು ಐದು ತುಂಬುವ ಮೊದಲೇ ಸಾಯುತ್ತಿದ್ದವು. ಮೂರು ಹೆತ್ತರೆ ಒಂದನ್ನು ಮಣ್ಣಿಗೆ ಕೊಡಬೇಕೆಂದು ಬಲ್ಲ ತಾಯಿ ಎರಡಕ್ಕೇ ನಿಲ್ಲುವುದಾದರೂ ಹೇಗೆ? ಆ ಸಾವು ಈಗ ಅರ್ಧಕ್ಕಿಂತ ಕೆಳಗಿಳಿದಿದೆ, ಆದರೆ ನಂಬಿಕೆ ಮರಳಲು ಒಂದು ತಲೆಮಾರು ಬೇಕು. ಜೊತೆಗೆ, ನೈಜರ್‌ನ ನಾಲ್ವರು ಹುಡುಗಿಯರಲ್ಲಿ ಮೂವರಿಗೆ 18ರೊಳಗೆ ಮದುವೆಯಾಗುತ್ತದೆ. ಅಲ್ಲಿನ ಜಿಂಡರ್ ಪ್ರಾಂತ್ಯದಲ್ಲಿ ‘ಗಂಡಂದಿರ ಶಾಲೆ’ ಎಂಬ ಕೂಟಗಳನ್ನು ಕಟ್ಟಿದರು. ಹಳ್ಳಿಯಲ್ಲಿ ಮಾತು ನಡೆಯುವ ವಿವಾಹಿತ ಗಂಡಸರು ಸೇರಿ ಬಸುರಿಯರನ್ನು ಆಸ್ಪತ್ರೆಗೆ ಕಳಿಸುವ, ಹೆರಿಗೆಗಳ ನಡುವೆ ಅಂತರ ಬಿಡುವ ವಿಚಾರ ಚರ್ಚಿಸಿ ಇತರ ಗಂಡಸರನ್ನು ಒಪ್ಪಿಸುತ್ತಾರೆ. ಮೊದಲನೆಯ ವಿಳಂಬ ಇರುವುದು ಅಲ್ಲೇ, ಮನೆಯ ಯಜಮಾನನ ತೀರ್ಮಾನದಲ್ಲಿ.

ಎಳೆಯ ವಯಸ್ಸಿನ ಹೆರಿಗೆ ಮತ್ತು ಈ ವಿಳಂಬ ಎರಡೂ ಕೂಡಿದರೆ ಏನಾಗುತ್ತದೆ ಎಂಬುದನ್ನು ಹೇಳಲೇಬೇಕು. ಹುಡುಗಿಯ ಸೊಂಟದ ಮೂಳೆ ಇನ್ನೂ ಅಗಲಿಸಿರುವುದಿಲ್ಲ, ಮಗುವಿನ ತಲೆ ಅಲ್ಲಿ ಸಿಕ್ಕಿಕೊಳ್ಳುತ್ತದೆ. ನೋವು ಎರಡು ದಿನ, ಮೂರು ದಿನ ಎಳೆಯುತ್ತದೆ. ಮಗುವಿನ ತಲೆಗೂ ತಾಯಿಯ ಮೂಳೆಗೂ ನಡುವೆ ಸಿಕ್ಕಿದ ಮೂತ್ರಕೋಶದ ಗೋಡೆಗೆ ಅಷ್ಟು ಹೊತ್ತು ರಕ್ತ ಹರಿಯುವುದಿಲ್ಲ, ಆ ಭಾಗ ಸಾಯುತ್ತದೆ. ಮಗು ಹೆಚ್ಚಾಗಿ ಸತ್ತೇ ಹುಟ್ಟುತ್ತದೆ. ಕೆಲವು ದಿನಗಳ ಮೇಲೆ ಸತ್ತ ಮಾಂಸ ಕಳಚಿ ತೂತು ಬೀಳುತ್ತದೆ. ಅಂದಿನಿಂದ ಹಗಲು ರಾತ್ರಿ ಮೂತ್ರ ತೊಟ್ಟಿಕ್ಕುತ್ತಲೇ ಇರುತ್ತದೆ. ಫಿಸ್ಟುಲಾ ಎನ್ನುವುದು ಇದಕ್ಕೇ. ವಾಸನೆಗೆ ಗಂಡ ದೂರ ಮಾಡುತ್ತಾನೆ, ನೆರೆಯವರು ಹತ್ತಿರ ಸೇರಿಸುವುದಿಲ್ಲ. ಆಸ್ಟ್ರೇಲಿಯಾದ ವೈದ್ಯೆ ಕ್ಯಾಥರೀನ್ ಹ್ಯಾಮ್ಲಿನ್ ತಮ್ಮ ಗಂಡನ ಜೊತೆ 1959ರಲ್ಲಿ ಇಥಿಯೋಪಿಯಾಕ್ಕೆ ಹೋಗಿ, 1974ರಲ್ಲಿ ಅಡಿಸ್ ಅಬಾಬಾದಲ್ಲಿ ಇಂಥವರಿಗಾಗಿಯೇ ಆಸ್ಪತ್ರೆ ತೆರೆದರು. 2020ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದರು. ಸಕಾಲದಲ್ಲಿ ಒಂದು ಸಿಸೇರಿಯನ್ ಆಗಿದ್ದರೆ ಈ ರೋಗವೇ ಇರುತ್ತಿರಲಿಲ್ಲ, ಶ್ರೀಮಂತ ದೇಶಗಳಲ್ಲಿ ಇದು ಹೆಚ್ಚುಕಡಿಮೆ ಕಾಣೆಯಾಗಿದೆ. ಜನಸಂಖ್ಯೆಯ ಪುಸ್ತಕದಲ್ಲಿ ಈ ಹುಡುಗಿಗೆ ಎಲ್ಲೂ ಜಾಗವಿಲ್ಲ. ಅವಳಿಗೆ ಮಗುವೇ ಇಲ್ಲವಲ್ಲ.

ಬೇಡವೆಂದಾಗಲೂ ಬಸಿರು ತಪ್ಪಿಸಲಾಗದವರ ಸಂಖ್ಯೆ ಇನ್ನೂ ದೊಡ್ಡದು. ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಯ 2022ರ ವರದಿಯಂತೆ ಜಗತ್ತಿನ ಬಸಿರುಗಳಲ್ಲಿ ಅರ್ಧದಷ್ಟು, ವರ್ಷಕ್ಕೆ ಸುಮಾರು 12 ಕೋಟಿ 10 ಲಕ್ಷ, ಬಯಸದೆ ಬಂದವು. ಇದರ ಅರ್ಥ ಮಾತ್ರೆ ಸಿಗುತ್ತಿಲ್ಲ ಎಂದಷ್ಟೇ ಅಲ್ಲ. ಬಳಸದ ಹೆಂಗಸರನ್ನು ಕಾರಣ ಕೇಳಿದಾಗ ಮತ್ತೆ ಮತ್ತೆ ಬರುವ ಉತ್ತರ ಅಡ್ಡಪರಿಣಾಮದ ಭಯ. ಮುಟ್ಟು ಏರುಪೇರಾಗುತ್ತದೆ, ರಕ್ತ ಹೆಚ್ಚು ಹೋಗುತ್ತದೆ, ತಲೆನೋವು ಬರುತ್ತದೆ, ಮುಂದೆ ಮಕ್ಕಳಾಗುವುದಿಲ್ಲವೇನೋ. ಇವನ್ನು ಮೂಢನಂಬಿಕೆ ಎಂದು ತಳ್ಳಿಬಿಡುವ ರೂಢಿ ಆರೋಗ್ಯ ಇಲಾಖೆಗಳಲ್ಲಿದೆ. ಕೆಲವು ಭಯ ತಪ್ಪಿರಬಹುದು, ಆದರೆ ಇಂಜೆಕ್ಷನ್‌ನಿಂದ ಮುಟ್ಟು ಏರುಪೇರಾಗುವುದು ನಿಜ, ಕಾಪರ್-ಟಿಯಿಂದ ರಕ್ತಸ್ರಾವ ಹೆಚ್ಚಾಗುವುದೂ ನಿಜ. ಮೊದಲೇ ರಕ್ತಹೀನತೆ ಇರುವವಳಿಗೆ ಅದು ಸಣ್ಣ ಮಾತಲ್ಲ.

ಕೇಳಿಸಿಕೊಂಡು ಮಾಡಿದ ಕೆಲಸಕ್ಕೆ ಒಂದು ಉದಾಹರಣೆ ಬೆರಳುದ್ದದ ಒಂದು ಇಂಜೆಕ್ಷನ್. ಸಿರಿಂಜ್ ಬೇರೆ, ಔಷಧದ ಶೀಷೆ ಬೇರೆ ಎಂಬುದಿಲ್ಲ. ಮೆತ್ತನೆಯ ಸಣ್ಣ ಬುರುಡೆಯಲ್ಲಿ ಔಷಧ, ತುದಿಯಲ್ಲಿ ಚಿಕ್ಕ ಸೂಜಿ. ಹೊಟ್ಟೆಯ ಅಥವಾ ತೊಡೆಯ ಚರ್ಮವನ್ನು ಹಿಡಿದೆತ್ತಿ ಸೂಜಿ ಚುಚ್ಚಿ, ಬುರುಡೆಯನ್ನು ಹೆಬ್ಬೆರಳು ತೋರುಬೆರಳಿನಲ್ಲಿ ನಿಧಾನವಾಗಿ ಹಿಂಡಿದರೆ ಮೂರು ತಿಂಗಳು ಬಸಿರಾಗುವುದಿಲ್ಲ. ಹೆಂಗಸು ತಾನೇ ಚುಚ್ಚಿಕೊಳ್ಳಬಹುದು, ಮನೆಯಲ್ಲಿ ಯಾರಿಗೂ ತಿಳಿಯದೆ. ಮಲಾವಿಯಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆರೋಗ್ಯ ಸಿಬ್ಬಂದಿಯಿಂದ ಚುಚ್ಚಿಸಿಕೊಳ್ಳುತ್ತಿದ್ದವರಲ್ಲಿ ವರ್ಷದ ಕೊನೆಗೆ ಶೇ 45 ಮಂದಿ ಅದನ್ನು ಮುಂದುವರಿಸಿದ್ದರೆ, ತಾವೇ ಚುಚ್ಚಿಕೊಂಡವರಲ್ಲಿ ಶೇ 73 ಮಂದಿ ಮುಂದುವರಿಸಿದ್ದರು. ಔಷಧ ಒಂದೇ. ಬದಲಾದದ್ದು ಅದು ಯಾರ ಕೈಯಲ್ಲಿದೆ ಎಂಬುದು.

ಇಂಥ ಸೇವೆಗಳ ಹಣ ಎಲ್ಲಿಂದ ಬರುತ್ತದೆ ಎಂಬುದು ಈಗಿನ ದೊಡ್ಡ ಬಿಕ್ಕಟ್ಟು. ಕುಟುಂಬ ಯೋಜನೆಗೆ ಸಿಗುತ್ತಿದ್ದ ವಿದೇಶಿ ನೆರವಿನಲ್ಲಿ ಅಮೆರಿಕದ್ದೇ ದೊಡ್ಡ ಪಾಲಾಗಿತ್ತು. ಗರ್ಭಪಾತದ ಮಾತೆತ್ತುವ ಹೊರದೇಶದ ಸಂಸ್ಥೆಗಳಿಗೆ ನೆರವಿಲ್ಲ ಎಂಬ ನಿಯಮವನ್ನು 1984ರಲ್ಲಿ ರೇಗನ್ ಸರ್ಕಾರ ತಂದಿತು. ಅಂದಿನಿಂದ ವಾಷಿಂಗ್ಟನ್‌ನಲ್ಲಿ ಪಕ್ಷ ಬದಲಾದಂತೆಲ್ಲ ಒಬ್ಬರು ತೆಗೆಯುವುದು, ಇನ್ನೊಬ್ಬರು ಹಾಕುವುದು ನಡೆದಿದೆ. 2025ರ ಜನವರಿಯಲ್ಲಿ ಅದು ಮರಳಿ ಬಂತು, ಜೊತೆಗೆ ನೆರವಿನ ಸಂಸ್ಥೆ ಯುಎಸ್‌ಏಡ್ ಅನ್ನೇ ಮುಚ್ಚಿದರು. ಆಗಲೇ ಕೊಂಡು ಬೆಲ್ಜಿಯಂನ ಗೋದಾಮಿನಲ್ಲಿ ಇಟ್ಟಿದ್ದ ಸುಮಾರು 97 ಲಕ್ಷ ಡಾಲರ್ ಬೆಲೆಯ ಗರ್ಭನಿರೋಧಕಗಳನ್ನು ಸುಟ್ಟುಹಾಕುವ ತೀರ್ಮಾನ ಅದೇ ವರ್ಷದ ಜುಲೈನಲ್ಲಿ ಹೊರಬಿತ್ತು. ಹೆಚ್ಚಿನವು ಆಫ್ರಿಕಾದ ದೇಶಗಳಿಗೆ ಹೋಗಬೇಕಿದ್ದವು. ಬೇರೆಯವರ ಖಜಾನೆ ನಂಬಿ ತಮ್ಮ ಹೆಂಗಸರ ಆರೋಗ್ಯ ನಡೆಸಿದ ಸರ್ಕಾರಗಳ ಹೊಣೆಯೂ ಇದರಲ್ಲಿದೆ. ಸೈನ್ಯಕ್ಕೆ ಅವು ಹೀಗೆ ಕೈಚಾಚಿ ಕಾಯುವುದಿಲ್ಲ.

ಅದೇ 2025ರ ಫೆಬ್ರುವರಿಯಲ್ಲಿ ನಿಂತದ್ದು ಇನ್ನೊಂದಿದೆ, ಅದು ಅಷ್ಟು ಸುದ್ದಿಯಾಗಲಿಲ್ಲ. 1984ರಿಂದ 90ಕ್ಕೂ ಹೆಚ್ಚು ದೇಶಗಳಲ್ಲಿ ನಡೆದ ಡೆಮೊಗ್ರಾಫಿಕ್ ಅಂಡ್ ಹೆಲ್ತ್ ಸರ್ವೆ ಎಂಬ ಸಮೀಕ್ಷೆ ಅಮೆರಿಕದ ಹಣದಲ್ಲಿ ನಡೆಯುತ್ತಿತ್ತು. ಭಾರತದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಇದೇ ಮಾದರಿಯದು. ತಲೆ ಎಣಿಸುವ ಸಮೀಕ್ಷೆ ಎಂದೇ ಇದನ್ನೂ ಕರೆಯಬಹುದಿತ್ತು, ಆದರೆ ಇದರ ಪ್ರಶ್ನಾವಳಿಯಲ್ಲಿ ಬೇರೆಡೆ ಅಪರೂಪವಾದ ಪ್ರಶ್ನೆಗಳಿವೆ. ತರಬೇತಿ ಪಡೆದ ಹೆಂಗಸೊಬ್ಬಳು ಮನೆಗೆ ಬಂದು, ಆ ಮನೆಯ ಹೆಂಗಸಿನ ಎದುರು ಕೂತು, ಒಂದೊಂದೇ ಹೆರಿಗೆಯ ಬಗ್ಗೆ ಕೇಳುತ್ತಾಳೆ: ಆ ಮಗು ಹೊಟ್ಟೆಗೆ ಬಂದಾಗ ನಿಮಗೆ ಬಸಿರಾಗುವುದು ಬೇಕಿತ್ತೇ? ಇನ್ನಷ್ಟು ದಿನ ಬಿಟ್ಟು ಬೇಕಿತ್ತೇ, ಇಲ್ಲ ಮಕ್ಕಳೇ ಬೇಡವಾಗಿತ್ತೇ? ಗಂಡನ ಹೊಡೆತದ ಪ್ರಶ್ನೆಗಳಿಗೆ ಬಂದಾಗ ಜೊತೆಯಲ್ಲಿ ಬೇರೆ ಯಾರೂ ಇರಬಾರದು. ಯಾರಾದರೂ ಒಳಗೆ ಬಂದರೆ ಮಾತು ಅಲ್ಲಿಗೇ ನಿಲ್ಲಿಸಬೇಕೆಂಬುದು ನಿಯಮ. ಬಯಸದ ಬಸಿರುಗಳ ಬಗ್ಗೆ ಜಗತ್ತಿಗೆ ಗೊತ್ತಿರುವುದರಲ್ಲಿ ಬಹುಪಾಲು ಹೀಗೆ ಎದುರುಬದುರು ಕೂತು ಕೇಳಿ ತಿಳಿದದ್ದು. ಅರ್ಧಕ್ಕೆ ನಿಂತಿದ್ದ ಕೆಲವು ದೇಶಗಳ ಸಮೀಕ್ಷೆಗಳಿಗೆ ಆಮೇಲೆ ಗೇಟ್ಸ್ ಫೌಂಡೇಷನ್ ತಾತ್ಕಾಲಿಕವಾಗಿ ಹಣ ಕೊಟ್ಟಿತು. ಉಳಿದ ಕಡೆ ಆ ಹೆಂಗಸಿನ ಎದುರು ಮುಂದೆ ಯಾರು ಬಂದು ಕೂರುತ್ತಾರೆ ಎಂಬುದು ಆಗ ತೀರ್ಮಾನವಾಗಲಿಲ್ಲ.